ಉಡಿಯೊಳಗಿನ ಲ್ಯಾಪ್‌ಟಾಪ್

ನಮ್ಮ ಮನೆಗೂ ಸುವರ್ಣಾಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಬಸವನ ಬಾಗೇವಾಡಿಯ ಆ ಓಣಿಯಲ್ಲಿ ಗೋಡೆಗಳು ದಪ್ಪ, ಆದರೆ ನನ್ನ ಕಿವಿ ಇನ್ನೂ ಚುರುಕು. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಅವತ್ತು ಅವರ ಮನೆಗೆ ಬೀಗರು ಬಂದಿದ್ದಾರೋ ಇಲ್ಲವೋ ಹೇಳಬಲ್ಲೆ. ನಾನು ಇಂಡಿಯವಳು. ನಿಂಬೆಹಣ್ಣಿನ ಊರವಳಾದ್ದರಿಂದ ನಾಲಿಗೆ ಹುಳಿ ಎಂದು ನನ್ನ ಗಂಡ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾರೆ. ಹೇಳಲಿ ಬಿಡಿ. ಸುವರ್ಣಾಳ ವಿಷಯ ಹೇಳುವಾಗ ಒಂದಿಷ್ಟು ಹುಳಿ ಇರಲೇಬೇಕು, ಇಲ್ಲದಿದ್ದರೆ ನನಗೆ ಅಳು ಬರುತ್ತದೆ.

ಅವಳ ಗಂಡ ಶ್ರೀಶೈಲ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದ. ಮದುವೆ, ತೊಟ್ಟಿಲು, ಮನೆ ಒಕ್ಕಲು, ಎಲ್ಲಕ್ಕೂ ಅವನದೇ ಕ್ಯಾಮೆರಾ. ಎರಡು ಸಾವಿರದ ನಾಲ್ಕನೆಯ ಇಸವಿಯ ಹೊತ್ತಿಗೆ ನಮ್ಮ ಕಡೆ ಮದುವೆಯ ವಿಡಿಯೋ ತೆಗೆದು ಹಾಗೆಯೇ ಕೊಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ. ವರನ ಮುಖ ಗುಲಾಬಿ ಹೂವಿನೊಳಗಿಂದ ಅರಳಬೇಕು, ವಧು ತಾಜಮಹಲಿನ ಮುಂದೆ ತೇಲಬೇಕು, ಹಿಂದೆ ಸಿನಿಮಾ ಹಾಡು ಬರಬೇಕು. ಇದಕ್ಕೆ ಮಿಕ್ಸಿಂಗ್ ಎನ್ನುತ್ತಿದ್ದರು. ಅದನ್ನು ತಾನೇ ಮಾಡುತ್ತೇನೆಂದು ಶ್ರೀಶೈಲ ಸೊಲ್ಲಾಪುರಕ್ಕೆ ಹೋಗಿ ಒಂದು ಹಳೆಯ ಲ್ಯಾಪ್‌ಟಾಪ್ ತಂದ.

ಲ್ಯಾಪ್‌ಟಾಪ್ ಎಂದರೆ ಈಗಿನ ಹುಡುಗರು ಬಗಲಲ್ಲಿ ಇರುಕಿಕೊಂಡು ಹೋಗುತ್ತಾರಲ್ಲ, ಅಂಥದ್ದಲ್ಲ. ಹಿಟ್ಟು ನಾದುವ ಪರಾತದಷ್ಟು ಅಗಲ, ಒರಳಿನ ತಮ್ಮನಷ್ಟು ಭಾರ. ಮೊದಲ ದಿನ ಅದನ್ನು ನೋಡಿದಾಗ ನಾನು, "ಇದರ ಮ್ಯಾಲ ಎಷ್ಟು ಮಂದಿ ಕುಂತು ಉಣ್ಣಬಹುದು?" ಎಂದು ಕೇಳಿದೆ. ಶ್ರೀಶೈಲನಿಗೆ ಸಿಟ್ಟು ಬಂದಿತ್ತು. ಸಿಡಿ ಹಾಕುವ ಅದರ ಬಾಯಿ ಮೊದಲೇ ಕೆಟ್ಟು ಮುಚ್ಚಿಹೋಗಿತ್ತು. ಹೀಗಾಗಿ ಮನೆಯಲ್ಲಿ ಮಿಕ್ಸಿಂಗ್ ಮಾಡಿದರೂ ಸಿಡಿ ಬರೆಸಲು ಸಿಂದಗಿಯ ಬಂದಗಿಸಾಬನ ಅಂಗಡಿಗೇ ಯಂತ್ರವನ್ನು ಒಯ್ಯಬೇಕು. ಅದಕ್ಕೂ ಮೊದಲು ಪಾರ್ಟಿಯ, ಎಂದರೆ ಮದುವೆ ಮಾಡಿಸಿದವರ, ಮನೆಗೆ ಒಯ್ದು ತೋರಿಸಬೇಕು. "ನಮ್ಮ ಸ್ವಾದರಮಾವ ಎಲ್ಲ್ಯದಾನ್ರಿ?", "ಆ ಮುದುಕ ಉಣ್ಣೂದು ಯಾಕ ಇಷ್ಟೊತ್ತು ತೋರ್ಸೀರಿ?" ಎಂಬ ತಕರಾರುಗಳೆಲ್ಲ ಮುಗಿದು ಅವರು ಹೂಂ ಅಂದ ಮೇಲೆಯೇ ಸಿಡಿ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಅವನ ಗಿರಾಕಿಗಳು ಹರಡಿಕೊಂಡಿದ್ದರು, ಇದ್ದದ್ದು ಒಂದು ಮೋಟಾರ್ ಸೈಕಲ್.

ಅದರ ಮೇಲೆ ಈ ಐರಾವತವನ್ನು ಕೂಡಿಸುವುದು ಹೇಗೆ? ಮೊದಲು ಪೆಟ್ರೋಲ್ ಟಾಕಿಯ ಮೇಲೆ ಕಟ್ಟಿ ನೋಡಿದ. ಹ್ಯಾಂಡಲ್ ತಿರುಗಲಿಲ್ಲ. ಮನಗೂಳಿಯ ತಿರುವಿನಲ್ಲಿ ರಸ್ತೆ ಒಂದು ಕಡೆ ಹೋಯಿತು, ಇವನು ಯಾರದೋ ಜೋಳದ ಹೊಲಕ್ಕೆ ಹೋದ. ಹಿಂದಿನ ಸೀಟಿಗೆ ಸೈಕಲ್ ಟ್ಯೂಬಿನಿಂದ ಬಿಗಿದು ನೋಡಿದ. ಸಿಂದಗಿ ಮುಟ್ಟುವುದರೊಳಗೆ ಕುಲುಕಾಡಿ ಕುಲುಕಾಡಿ ಅದರ ಸ್ಕ್ರೂಗಳು ಚೀಲದಲ್ಲಿ ಬಿದ್ದಿದ್ದವು. ಬೆನ್ನಿಗೆ ಹಾಕಿಕೊಳ್ಳೋಣವೆಂದರೆ ಆ ಬೆನ್ನಿಗೆ ಕ್ಯಾಮೆರಾ ಚೀಲ ಮೊದಲೇ ಇತ್ತು. ಕೊನೆಗೆ ಒಂದು ದಿನ ಶ್ರೀಶೈಲ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ. ಇಂಗ್ಲಿಷಿನಲ್ಲಿ ಯಂತ್ರದ ಹೆಸರೇ ತೊಡೆಯ ಮೇಲಿನದು ಎಂದಂತೆ. ನಾಲ್ಕು ತಾಲ್ಲೂಕಿನಲ್ಲಿ ಅದನ್ನು ಹೆಸರಿಗೆ ತಕ್ಕಂತೆ ಇಟ್ಟುಕೊಂಡವಳು ನಮ್ಮ ಸುವರ್ಣಾ ಒಬ್ಬಳೇ.

ಅವಳು ಕೂಡುತ್ತಿದ್ದ ರೀತಿ ನೋಡಬೇಕಿತ್ತು. ಗಾಡಿಯ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು, ತೊಡೆಯ ಮೇಲೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಲ್ಯಾಪ್‌ಟಾಪಿನ ಚೀಲ ಇಟ್ಟುಕೊಂಡು, ಧೂಳು ಹೋಗದ ಹಾಗೆ ಸೆರಗನ್ನು ಮೇಲೆ ಹೊದಿಸಿ ಟೊಂಕಕ್ಕೆ ಸಿಕ್ಕಿಸುತ್ತಿದ್ದಳು. ಎರಡೂ ಕೈ ಅದರ ಸುತ್ತ. ಗಂಡನ ಹೆಗಲು ಹಿಡಿಯಲು ದೇವರು ಮೂರನೆಯ ಕೈ ಕೊಟ್ಟಿರಲಿಲ್ಲ. ಮುಂದೆ ತಗ್ಗು ಕಂಡರೆ ಶ್ರೀಶೈಲ "ತಗ್ಗ ಬಂತ!" ಎಂದು ಕೂಗುತ್ತಿದ್ದ. ಇವಳು ಕಾಲಿನ ತುದಿಯ ಮೇಲೆ ಭಾರ ಹಾಕಿ ತೊಡೆ ಎತ್ತಿ, ಬಡಿತವನ್ನೆಲ್ಲ ತನ್ನ ಬೆನ್ನಿಗೆ ತೆಗೆದುಕೊಳ್ಳುತ್ತಿದ್ದಳು. ಮೂಗಿನ ಮೇಲೆ ನೊಣ ಕೂತರೆ ಅದು ತಾನಾಗಿ ಎದ್ದು ಹೋಗುವವರೆಗೂ ಕಾಯಬೇಕು. ರೈಲ್ವೆ ಗೇಟಿನಲ್ಲಿ ನಿಂತಾಗ ಹೆಂಗಸರು, "ಕೂಸು ಎಷ್ಟು ತಿಂಗಳದ್ರೀ?" ಎಂದು ಕೇಳುತ್ತಿದ್ದರಂತೆ. ಹೆತ್ತ ಎರಡು ಮಕ್ಕಳನ್ನೂ ಅವಳು ಗಾಡಿಯ ಮೇಲೆ ಇಷ್ಟು ಜೋಪಾನ ಮಾಡಿರಲಿಲ್ಲ.

ಒಮ್ಮೆ ಸಿಂದಗಿಯ ಹತ್ತಿರ ಆಡಿನ ಹಿಂಡು ಅಡ್ಡ ಬಂದು ಗಾಡಿ ಉರುಳಿತು. ಸುವರ್ಣಾ ಮೊಣಕೈ ಮೇಲೆ ಬಿದ್ದಳು, ಯಂತ್ರ ಎದೆಯ ಮೇಲೆ ಹಾಗೆಯೇ ಇತ್ತು. ಎದ್ದು ಓಡಿ ಬಂದ ಗಂಡ ಕೇಳಿದ ಮೊದಲ ಮಾತು, "ಲ್ಯಾಪ್‌ಟಾಪಿಗೆ ಏನೂ ಆಗಿಲ್ಲಲ?" ಇದನ್ನು ಕೇಳಿ ನನ್ನ ಮೈಯೆಲ್ಲ ಉರಿಯಿತು. ಅವತ್ತು ಸಂಜೆ ಅವಳ ಮೊಣಕೈಗೆ ಅರಿಷಿಣ ಹಚ್ಚುತ್ತ, "ನಿನ್ನ ಗಂಡನ್ನ ನಾ ನಾಕು ಮಾತು ಕೇಳೇ ಬಿಡ್ತೇನಿ" ಎಂದೆ.

"ಬ್ಯಾಡ ರಾಜಕ್ಕ," ಎಂದಳು ನಗುತ್ತ. "ಬಿದ್ದ ಕೂಡ್ಲೆ ನಾನೂ ಮೊದಲ ಅದನ್ನs ನೋಡಿದೆ."

ಇಂಥವಳಿಗೆ ಏನು ಹೇಳುವುದು. ತಿಂಗಳುಗಳು ಕಳೆದಂತೆ ಅವಳ ಬೆನ್ನು ಹಿಡಿದುಕೊಳ್ಳತೊಡಗಿತು. ಬಾವಿಯಂತೆ ಆಳದ ನೋವು, ಕೂತರೆ ಏಳಲಾಗದು, ಎದ್ದರೆ ಕೂಡಲಾಗದು. ಆದರೂ ಗಾಡಿ ಚಾಲೂ ಆದ ಸಪ್ಪಳ ಕೇಳಿದರೆ ಕೌದಿ ಹಿಡಿದು ಹೊರಗೆ ಬರುತ್ತಿದ್ದಳು.

ಹೋದ ಮನೆಯಲ್ಲೆಲ್ಲ ಇನ್ನೊಂದು ಪೇಚು ಕಾದಿರುತ್ತಿತ್ತು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು ಹಾಕಿ ಉಡಿ ತುಂಬುತ್ತಾರೆ. ಆ ಉಡಿಯನ್ನು ದಾರಿಯಲ್ಲಿ ಬಿಚ್ಚಬಾರದು. ಮನೆಗೆ ಒಯ್ದು ದೇವರ ಜಗಲಿಯ ಮುಂದೆ ಬಿಚ್ಚಬೇಕು. ಆದರೆ ಸುವರ್ಣಾಳ ಉಡಿಯಲ್ಲಿ ಮೊದಲೇ ಒಂದು ಕೂತಿತ್ತಲ್ಲ! ಅದಕ್ಕೆ ಗಂಡ ಹೆಂಡತಿ ಒಂದು ಉಪಾಯ ಕಂಡುಕೊಂಡಿದ್ದರು. ಆ ಮನೆಯವರ ಎದುರಿಗೆ ಉಡಿ ಕಟ್ಟಿಕೊಂಡು ಗಾಡಿ ಹತ್ತುವುದು, ಓಣಿಯ ಮೂಲೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಎಲ್ಲವನ್ನೂ ಹ್ಯಾಂಡಲಿಗೆ ನೇತುಹಾಕಿದ ಕೈಚೀಲಕ್ಕೆ ಸುರಿಯುವುದು. "ದೇವರಿಗೂ ಗೊತ್ತದ ಬಿಡ, ಪೆಟ್ಟು ಬಿದ್ರ ದೇವರೇನು ರಿಪೇರಿ ಮಾಡಿ ಕೊಡ್ತಾನ?" ಎನ್ನುತ್ತಿದ್ದ ಶ್ರೀಶೈಲ. ಸುವರ್ಣಾ ಪ್ರತಿ ಸಲ ಕೆನ್ನೆ ಕೆನ್ನೆ ಬಡಿದುಕೊಂಡು ಸುರಿಯುತ್ತಿದ್ದಳು.

ಲ್ಯಾಪ್‌ಟಾಪ್ ಬಂದ ಮೂರನೆಯ ವರ್ಷ ಮನಗೂಳಿಯಲ್ಲಿ ಕೋಮಲ ಎಂಬ ಹುಡುಗಿಯ ಮದುವೆಯಾಯಿತು. ಅವಳಿಗೆ ತಂದೆ ಇಲ್ಲ. ತಾಯಿ ಗುಂಡವ್ವ ಕೂಲಿನಾಲಿ ಮಾಡಿ ಬೆಳೆಸಿ, ಮುದ್ದೇಬಿಹಾಳದ ಮುತ್ತುರಾಜ ಎಂಬವನಿಗೆ ಕೊಟ್ಟಳು. ಮುತ್ತುರಾಜ ಅಲ್ಲಿಯ ಎಪಿಎಂಸಿಯ ಒಂದು ಅಂಗಡಿಯಲ್ಲಿ ತೂಕ ಮಾಡುವವನು, ಒಳ್ಳೆಯ ಹುಡುಗ. ಗಂಡ ತೀರಿಕೊಂಡವಳು ಹಂದರದ ಕೆಳಗೆ ಬರಬಾರದೆಂದು ಗುಂಡವ್ವ ಮಗಳ ಮದುವೆಯ ದಿನವಿಡೀ ಒಳಗೇ ಉಳಿದಳು. ಹೊತ್ತವಳು, ಹೆತ್ತವಳು, ಹತ್ತು ವರ್ಷ ಹೊಲದಲ್ಲಿ ಕಸ ತೆಗೆದು ಆ ಮದುವೆಗೆ ಅಕ್ಕಿ ತಂದವಳು ಬಾಗಿಲ ಹಿಂದೆ ನಿಂತಳು. ಸಿಟ್ಟು ಬರುವುದಿಲ್ಲವೇ? ನನಗಂತೂ ಬರುತ್ತದೆ. ಆದರೆ ನನ್ನ ತವರಲ್ಲೂ ಹಾಗೆಯೇ ನಡೆದಿದೆ, ನಾನು ಬಾಯಿ ಬಿಟ್ಟಿಲ್ಲ.

ಹೀಗಾಗಿ ಮದುವೆಯ ಒಂದು ಫೋಟೋದಲ್ಲಿಯೂ ಗುಂಡವ್ವ ಇರಲಿಲ್ಲ. ವಿಡಿಯೋದಲ್ಲಿ ಮಾತ್ರ ಒಂದು ತುಣುಕಿನಲ್ಲಿ ಸಿಕ್ಕಿದ್ದಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಶ್ರೀಶೈಲ ಕ್ಯಾಮೆರಾವನ್ನು ಮಂದಿಯ ಮೇಲೆ ತಿರುಗಿಸಿದಾಗ, ಒಳಬಾಗಿಲಲ್ಲಿ ನಿಂತು ಅವಳೂ ಒಂದು ಹಿಡಿ ಅಕ್ಕಿ ಬೀಸಿದ್ದಳು. ಅವು ಮಗಳವರೆಗೆ ಮುಟ್ಟದೆ ಹಿಂದೆ ಕೂತವರ ಬೆನ್ನ ಮೇಲೆ ಬಿದ್ದವು. ಆಮೇಲೆ ಕ್ಯಾಮೆರಾ ತನ್ನ ಕಡೆಗೆ ಇರುವುದನ್ನು ನೋಡಿ ನಾಚಿ, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ನಗುತ್ತ, 'ನನ್ನದೇನು, ಅಲ್ಲಿ ತೆಗೆ' ಎಂದು ಕೈ ಬೀಸಿದ್ದಳು. ಅಷ್ಟೇ. ಮಿಕ್ಸಿಂಗ್ ಮಾಡುವಾಗ ಶ್ರೀಶೈಲ ಅದನ್ನೂ ಕತ್ತರಿಸಿ ಬದಿಗಿಟ್ಟ. ಗಂಡನಿಲ್ಲದವರು, ಅಳುವವರು ಮದುವೆಯ ಸಿಡಿಯಲ್ಲಿ ಕಾಣಬಾರದು, ಪಾರ್ಟಿಯವರು ಹೇಳದಿದ್ದರೂ ಫೋಟೋದವರೇ ತೆಗೆದುಬಿಡುತ್ತಾರೆ.

ಸಿಡಿ ಹೋಯಿತು. ಆ ಮದುವೆ ತೆಗೆದ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ಕೂತಿತು. ಕ್ಯಾಸೆಟ್ಟು ತುಟ್ಟಿಯೆಂದು ಎಲ್ಲ ಸ್ಟುಡಿಯೋದವರೂ ಹಾಗೆ ಒಂದರ ಮೇಲೊಂದು ತೆಗೆಯುತ್ತಿದ್ದರು. ಮಳೆಗಾಲದಲ್ಲಿ ಗುಂಡವ್ವ ಜ್ವರ ಬಂದು ತೀರಿಕೊಂಡಳು. ಕೋಮಲ ತಾಯಿಯ ಮುಖ ನೋಡಬೇಕೆಂದು ಸಿಡಿ ಹಾಕಿದರೆ ಅದರಲ್ಲಿ ತಾಜಮಹಲು ಇತ್ತು, ತಾಯಿ ಇರಲಿಲ್ಲ. ಮತದಾರರ ಗುರುತಿನ ಚೀಟಿಯಲ್ಲಿ ಒಂದು ಫೋಟೋ ಇತ್ತು. ಅದರಲ್ಲಿ ಕಪ್ಪು ಮಸಿ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಅವಳು ಗಂಡನಿಂದ ಸ್ಟುಡಿಯೋಕ್ಕೆ ಫೋನ್ ಮಾಡಿಸಿ, ತಾನೇ ಮಾತಾಡಿದಳು.

"ಅಣ್ಣಾರ, ನಮ್ಮವ್ವ ಎಲ್ಲೆರೆ ಒಂದ್ಕಡೆ ಬಂದಾಳೇನ್ರಿ? ಬೆನ್ನ ಬಂದಿದ್ರೂ ನಡೀತೈತ್ರಿ."

ಕತ್ತರಿಸಿದ ತುಣುಕುಗಳನ್ನು ಅಳಿಸಿಹಾಕಲೂ ಶ್ರೀಶೈಲನಿಗೆ ಸೋಮಾರಿತನ. ಜನ್ಮದಲ್ಲಿ ಒಮ್ಮೆ ಅವನ ಸೋಮಾರಿತನದಿಂದ ಪುಣ್ಯ ಬಂತು. ಹುಡುಕಿದರೆ ಗುಂಡವ್ವ ಆ ಲ್ಯಾಪ್‌ಟಾಪಿನೊಳಗೆ ಇದ್ದಳು. ಭೂಮಿಯ ಮೇಲೆ ಅವಳ ನಗೆ ಉಳಿದದ್ದು ಅದೊಂದೇ ಜಾಗದಲ್ಲಿ. ಅವತ್ತು ರಾತ್ರಿ ಸುವರ್ಣಾ ನನ್ನನ್ನೂ ಕರೆದು ತೋರಿಸಿದಳು. ನಾವಿಬ್ಬರೂ ಕಣ್ಣೊರೆಸಿಕೊಂಡೆವು.

ಮುದ್ದೇಬಿಹಾಳದಲ್ಲಿ ಇನ್ನೊಂದು ಮದುವೆಯ ಮಿಕ್ಸಿಂಗ್ ತೋರಿಸುವುದಿತ್ತು. ಹೋದ ದಿನವೇ ಕೋಮಲಳಿಗೂ ತೋರಿಸಿ, ಹಾಗೆಯೇ ತಾಳಿಕೋಟೆಯ ಮೇಲೆ ಸಿಂದಗಿಗೆ ಹೋಗಿ ಎರಡನ್ನೂ ಸಿಡಿಗೆ ಬರೆಸುವುದೆಂದು ನಿಶ್ಚಯವಾಯಿತು. ಹೊರಡುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಸುವರ್ಣಾ ಕೌದಿಯನ್ನು ಎರಡು ಸಲ ಮಡಚಿ ಎರಡು ಸಲ ಬಿಚ್ಚಿದಳು. "ಇವತ್ತ ಮೈಮ್ಯಾಲ ಎಚ್ಚರ ಇರ್ಬೇಕ ರಾಜಕ್ಕ. ಇವತ್ತ ಒಳಗ ಮನಶ್ಯಾಳ ಅದಾಳ," ಎಂದಳು.

ಮುಂದಿನದನ್ನು ಅವಳೇ ನನಗೆ ಹೇಳಿದ್ದು. ಕೋಮಲಳ ಮನೆಯಲ್ಲಿ ಲ್ಯಾಪ್‌ಟಾಪನ್ನು ಮಂಚದ ಮೇಲೆ ಇಟ್ಟು ತೆರೆದರು. ಅವಳು ನೆಲದ ಮೇಲೆ ಮೊಣಕಾಲೂರಿ ಕೂತು ನೋಡಿದಳು. ತುಣುಕು ಮುಗಿದರೆ ಮತ್ತೆ, ಮುಗಿದರೆ ಮತ್ತೆ. ಅಳಲಿಲ್ಲ. ತಾಯಿ ಅಕ್ಕಿ ಬೀಸುವಾಗ ಒಮ್ಮೆ ತಲೆ ಮುಂದೆ ಬಾಗಿಸಿದಳಂತೆ. ಅವತ್ತು ಮುಟ್ಟದ ಅಕ್ಕಿ ಈಗಲಾದರೂ ಬೀಳಲಿ ಎಂದೇನೋ. ಸುವರ್ಣಾ ಅದನ್ನು ನೋಡಲಾಗದೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು. ಕೊನೆಗೆ ಶ್ರೀಶೈಲ ಹೊತ್ತಾಯಿತೆಂದು, ಗುಂಡವ್ವ ಸೆರಗು ಮುಚ್ಚಿ ನಗುವಲ್ಲಿಗೆ ಚಿತ್ರ ನಿಲ್ಲಿಸಿ, ಯಂತ್ರ ಬಂದ್ ಮಾಡಲು ಹೋದ.

"ಬಂದ್ ಮಾಡಬ್ಯಾಡ್ರಿ ಅಣ್ಣಾರ," ಎಂದಳು ಕೋಮಲ. "ಹಂಗs ಮುಚ್ರಿ. ಆಕಿ ನಕ್ಕೋತ ಇರ್ಲಿ."

ಯಾರಿಗೆ ಇಲ್ಲವೆನ್ನಲು ಬಾಯಿ ಬರುತ್ತದೆ? ಶ್ರೀಶೈಲ ಹಾಗೆಯೇ ಮುಚ್ಚಳ ಮುಚ್ಚಿ ಚೀಲಕ್ಕೆ ಇಳಿಸಿದ. ಮುಚ್ಚಿದರೆ ಯಂತ್ರ ತಾನಾಗಿ ಮಲಗುತ್ತದೆಂದು ಅವನ ನಂಬಿಕೆ. ಹಳೆಯ ಯಂತ್ರ, ಆ ರೂಢಿ ಅದಕ್ಕೆ ಎಂದೋ ತಪ್ಪಿತ್ತು. ಒಳಗೆ ಅದು ತಿರುಗುತ್ತಲೇ ಇತ್ತು.

ಹೊರಡುವಾಗ ಕೋಮಲ ಮೊರದಲ್ಲಿ ಅಕ್ಕಿ, ದೊಡ್ಡದೊಂದು ತೆಂಗಿನಕಾಯಿ, ಒಂದು ಕುಪ್ಪಸದ ಖಣ ಇಟ್ಟುಕೊಂಡು ಬಂದಳು. ಸುವರ್ಣಾಳ ಹಣೆಗೆ ಕುಂಕುಮ ಹಚ್ಚಿ, "ಅಕ್ಕಾರ, ಮದಿವಿ ಆದಮ್ಯಾಲ ಅವ್ವ ನನಗ ಒಮ್ಮೇನೂ ಉಡಿ ತುಂಬಲಿಲ್ರಿ. ತನ್ನ ಕೈಲೆ ತುಂಬಬಾರದು ಅಂತಿದ್ಲು. ಆಕಿ ಹೆಸರ್ಲೆ ನಿಮಗ ತುಂಬತೇನ್ರಿ. ನಿಮ್ಮ ದೇವರ ಮುಂದ ಬಿಚ್ರಿ," ಎಂದಳು. ಐದು ಬೊಗಸೆ ಅಕ್ಕಿ ಹಾಕಿದಳು. ಕಾಯಿ ಇಟ್ಟಳು.

ಓಣಿಯ ಮೂಲೆ ದಾಟಿದ ಮೇಲೆ ಶ್ರೀಶೈಲ ಎಂದಿನಂತೆ ಗಾಡಿ ನಿಲ್ಲಿಸಿದ. "ಹಾಕ ಚೀಲಕ್ಕ."

ಸುವರ್ಣಾ ಹಾಕಲಿಲ್ಲ. "ಇದನ್ನ ಬಿಚ್ಚೂದಿಲ್ಲರಿ. ಇದೊಂದು ಮನೀತನಕಾ ಹಿಂಗs ಬರ್ಲಿ."

"ಸಿಂದಗಿಗೆ ಹೋಗಿ ಮನಿಗಿ ಹೋಗೂದು ಐತಿ. ಎರಡೂ ಹ್ಯಾಂಗ ಹಿಡೀತಿ?"

"ಹಿಡೀತೇನಿ. ನೀವು ನಡೀರಿ."

ಮದುವೆಯಾಗಿ ಅಷ್ಟು ವರ್ಷಕ್ಕೆ ಅವಳು ಗಂಡನಿಗೆ ಎದುರಾಡಿದ ಮಾತು ಅದೊಂದೇ ಇರಬೇಕು. ಅವನು ಹೂಂ ಎಂದು ಗಾಡಿ ಬಿಟ್ಟ. ಅವಳ ತೊಡೆಯ ಮೇಲೆ ಕೌದಿ, ಕೌದಿಯ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ ಸೆರಗಿನ ಗಂಟಿನಲ್ಲಿ ಅಕ್ಕಿ ಮತ್ತು ಕಾಯಿ. ಒಂದು ಕೈ ಯಂತ್ರದ ಮೇಲೆ, ಒಂದು ಕೈ ಉಡಿಯ ಮೇಲೆ. ಚೀಲದೊಳಗಿಂದ ಬೆಚ್ಚಗೆ ತೊಡೆಗೆ ತಾಗುತ್ತಿತ್ತಂತೆ. ಕೂಸನ್ನು ಮಲಗಿಸಿಕೊಂಡಂತೆ ಇತ್ತು, ಅದಕ್ಕೇ ಒಂದು ನಮೂನೆ ಖುಷಿಯಾಗಿತ್ತು ಎಂದಳು. ಚಾಲೂ ಇದ್ದದ್ದಕ್ಕೆ ಅದು ಬೆಚ್ಚಗಿತ್ತೆಂದು ಅವಳಿಗೇನು ಗೊತ್ತು.

ತಾಳಿಕೋಟೆ ಇನ್ನೂ ಮುಂದೆ ಇತ್ತು. ಎದುರಿಗೆ ಒಂದು ಲಾರಿ ರಸ್ತೆಯ ನಡುವೆಯೇ ಬಂತು. ಶ್ರೀಶೈಲ ಗಾಡಿಯನ್ನು ಡಾಂಬರಿನಿಂದ ಕೆಳಗೆ ಇಳಿಸಿದ. 'ತಗ್ಗ' ಎಂದು ಕೂಗಲು ಪುರಸೊತ್ತಿರಲಿಲ್ಲ. ಗಾಡಿ ಜಿಗಿಯಿತು. ಸುವರ್ಣಾ ಬೀಳಲಿಲ್ಲ, ಯಂತ್ರ ಬೀಳಲಿಲ್ಲ, ಉಡಿ ಬಿಚ್ಚಲಿಲ್ಲ. ಸೆರಗಿನ ಗಂಟಿನಲ್ಲಿದ್ದ ಕಾಯಿ ಮಾತ್ರ ಒಂದು ಗೇಣು ಮೇಲೆದ್ದು ಲ್ಯಾಪ್‌ಟಾಪಿನ ಮೇಲೆ ಬಂದು ಕೂತಿತು. 'ಠಕ್' ಎಂದು ಒಂದೇ ಸಪ್ಪಳ.

"ಏನಾರ ಆತೇನ?" ಎಂದು ಕೇಳಿದ ಗಂಡ.

"ಏನಿಲ್ಲ ನಡೀರಿ," ಎಂದಳು. ಚೀಲದ ಮೇಲಿಂದ ಮುಟ್ಟಿ ನೋಡಿದಳು, ಎಲ್ಲಿಯೂ ತಗ್ಗು ಬಿದ್ದಿರಲಿಲ್ಲ.

ಸಿಂದಗಿಯಲ್ಲಿ ಬಂದಗಿಸಾಬ ಮುಚ್ಚಳ ತೆರೆದ. ಪರದೆ ಕಪ್ಪಗಿತ್ತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಒಳಗಿಂದ ಕಿಟಿ ಕಿಟಿ ಎಂದು ಹಲ್ಲಿ ಲೊಚಗುಟ್ಟಿದಂತೆ ಸಪ್ಪಳ ಬಂತು, ಚಿತ್ರ ಬರಲಿಲ್ಲ. ಅವನು ಮುದುಕ, ಬಹಳ ಸಲ ಇಂಥದ್ದನ್ನು ನೋಡಿದವನು. ಕಿವಿಗೊಟ್ಟು ಕೇಳಿ, "ಚಾಲೂ ಇದ್ದಾಗ ಪೆಟ್ಟು ತಿಂದೈತಿ ತಮ್ಮಾ. ಒಳಗಿನ ಡಿಸ್ಕ್ ಹೋಗೈತಿ," ಎಂದ. ಶ್ರೀಶೈಲ ಅದನ್ನು ಬಿಜಾಪುರಕ್ಕೆ ಒಯ್ದ, ಹುಬ್ಬಳ್ಳಿಗೆ ಕಳಿಸಿದ. ಎಲ್ಲರೂ ತಲೆ ಅಲ್ಲಾಡಿಸಿದರು. ಬೇರೆ ಮದುವೆಗಳ ಕ್ಯಾಸೆಟ್ಟುಗಳು ಇನ್ನೂ ಇದ್ದವು, ಮತ್ತೆ ಕೂತು ಮಾಡಬಹುದಿತ್ತು. ಗುಂಡವ್ವ ಮಾತ್ರ ಇನ್ನು ಎಲ್ಲಿಯೂ ಇರಲಿಲ್ಲ.

ಇಷ್ಟರ ನಂತರವೂ ಶ್ರೀಶೈಲ ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಬಂದ್ ಮಾಡದೆ ಮುಚ್ಚಿದ್ದು ತನ್ನ ತಪ್ಪೆಂದು ತನ್ನ ತಲೆಗೇ ಬಡಿದುಕೊಂಡ. ಅವನು ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ. ಠಕ್ ಎಂದ ಸಪ್ಪಳ ಅವಳ ಕಿವಿಯಲ್ಲಿಯೇ ಉಳಿಯಿತು.

ನನಗೆ ಇದು ತಿಳಿದದ್ದು ಚಟ್ನಿಯ ದೆಸೆಯಿಂದ. ಹಲವು ದಿನಗಳ ಮೇಲೆ ಅವಳ ಮನೆಗೆ ಹೋದಾಗ ದೇವರ ಜಗಲಿಯ ಮೇಲೆ ಆ ತೆಂಗಿನಕಾಯಿ ಹಾಗೆಯೇ ಕೂತಿತ್ತು. ಉಡಿಯ ಕಾಯಿಯನ್ನು ಒಡೆದು ಮನೆಮಂದಿ ತಿನ್ನಬೇಕು, ಇಡುವುದಲ್ಲ. "ಏನs ಸುವರ್ಣಾ, ಮೊಮ್ಮಕ್ಕಳ ಮದಿವಿಗೆ ಕಾಯಿ ತಗದಿಟ್ಟೀ ಏನು? ತಾ ಇಲ್ಲಿ, ಚಟ್ನಿನಾರ ಅರೀತೇನಿ," ಎಂದು ಕೈ ಚಾಚಿದೆ.

"ಮುಟ್ಟಬ್ಯಾಡ ರಾಜಕ್ಕ!" ಎಂದು ಕೂಗಿದಳು. ಅವಳು ಹಾಗೆ ಕೂಗಿದ್ದನ್ನು ನಾನು ಗೋಡೆಯ ಆಚೆಯಿಂದಲೂ ಎಂದೂ ಕೇಳಿರಲಿಲ್ಲ. ಆಮೇಲೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಚೀಲಕ್ಕೆ ಹಾಕೆಂದು ಗಂಡ ಹೇಳಿದ್ದು, ತಾನು ಹಾಕದೆ ಹೋದದ್ದು, ಠಕ್ ಅಂದದ್ದು. "ಯಾವತ್ತೂ ಸುರುವುತಿದ್ದೆ. ಅವತ್ತೊಂದಿನ ಖರೇವಂತಿ ಆಗಾಕ ಹೋದೆ ನೋಡ. ಆ ಹುಡಿಗಿ ಕೊಟ್ಟ ಕಾಯಿನs ಅವರವ್ವನ್ನ ತಿಂತು. ನಾ ಅದನ್ನ ಹ್ಯಾಂಗ ಒಡದ ತಿನ್ಲಿ? ಹೊರಗ ಒಗೀಲೇನು? ಉಡೀದು ಒಗ್ಯಾಕೂ ಬರೂದಿಲ್ಲ."

ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಕೋಮಲಳ ಫೋನ್ ಬರುತ್ತಲೇ ಇತ್ತು. ಸಿಡಿ ಆತೇನ್ರಿ ಅಣ್ಣಾರ, ಸಿಡಿ ಆತೇನ್ರಿ. ಶ್ರೀಶೈಲ ಯಂತ್ರ ರಿಪೇರಿಗೆ ಹೋಗಿದೆ ಎಂದು ಸುಳ್ಳು ಹೇಳಿ ಹೇಳಿ ಸೋತುಹೋದ. ಕೊನೆಗೆ ಸುವರ್ಣಾ, "ನಾ ಹೋಗಿ ಹೇಳಿ ಬರ್ತೇನಿ," ಎಂದಳು. "ಕಾಯಿ ಸುದ್ದೀನೂ ಹೇಳ್ತೇನಿ. ಖರೆ ಏನೈತಿ ಅದನ್ನ ಹೇಳ್ತೇನಿ."

ನಾನು ಸಿಟ್ಟಿನಿಂದಲೇ ತಡೆದೆ. "ಹುಚ್ಚಿ ಅದೀಯೇನ? ತನ್ನ ಕೈಲೆ ತಾನs ಅವ್ವನ್ನ ಕಳಕೊಂಡೆ ಅಂತ ಆ ಕೂಸು ಜನ್ಮಪೂರ್ತಿ ಕೊರಗಬೇಕೇನು? ಡಿಸ್ಕ್ ಹೋತು ಅಂತ ಹೇಳು, ಸಾಕು."

"ಆದ್ರ ಗಾಡಿ ಮ್ಯಾಲ ಹಿಡಕೊಂಡಾಕಿ ನಾ. ನನ್ನ ತಪ್ಪು ಎಷ್ಟು, ಅಷ್ಟರ ಹೇಳಬೇಕಲ್ಲ ರಾಜಕ್ಕ."

ಮರುದಿನ ಅವಳು ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೋದಳು. ಮೂರು ವರ್ಷದಲ್ಲಿ ಮೊದಲ ಬಾರಿ ಅವಳ ಉಡಿಯಲ್ಲಿ ಏನೂ ಇರಲಿಲ್ಲ. ಕೈ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ ಎಂದಳು.

ಕೋಮಲ ಬಾಗಿಲಲ್ಲಿಯೇ ಕಾಯುತ್ತಿದ್ದಳು. ಸುವರ್ಣಾಳ ಕೈ ನೋಡಿದಳು, ಸಿಡಿ ಇರಲಿಲ್ಲ. ಮುಖ ನೋಡಿದಳು. ಒಳಗೆ ಕರೆದು ಕೂಡಿಸಿ ನೀರು ಕೊಟ್ಟಳು.

"ಡಿಸ್ಕ್ ಹೋತವಾ," ಎಂದಳು ಸುವರ್ಣಾ. "ಎಲ್ಲಾ ಕಡೆ ತೋರ್ಸಿದ್ವಿ. ಇನ್ನ ಬರೂದಿಲ್ಲಂತ."

ಕೋಮಲ ಮಂಚದ ಮೇಲೆ ಅವತ್ತು ಲ್ಯಾಪ್‌ಟಾಪ್ ಇಟ್ಟ ಜಾಗದ ಹಾಸಿಗೆಯನ್ನು ಕೈಯಿಂದ ಸರಿ ಮಾಡಿದಳು. ಸುವರ್ಣಾ ಬಾಯಿ ತೆರೆದಳು. "ಕೋಮಲಾ, ದಾರ್‍ಯಾಗ ಏನಾತಂದ್ರ..."

"ಬ್ಯಾಡ್ರಿ ಅಕ್ಕಾರ," ಎಂದು ಆ ಹುಡುಗಿ ಅವಳ ಕೈ ಹಿಡಿದುಕೊಂಡಳು. "ಏನೂ ಹೇಳಬ್ಯಾಡ್ರಿ. ನೀವು ಗಾಡಿ ಮ್ಯಾಲ ಹ್ಯಾಂಗ ಹಿಡಕೊಂಡು ಹೋದ್ರಿ ಅನ್ನೂದು ನಾ ಬಾಗಲ್ದಾಗ ನಿಂತು ನೋಡೇನಲ್ರಿ. ಹಡದಾಕಿ ಸೈತ ಕೂಸನ್ನ ಹಂಗ ಹಿಡಿಯೂದಿಲ್ಲ. ನಮ್ಮವ್ವ ಒಂದು ದಿನನಾರ ನಿಮ್ಮ ಉಡ್ಯಾಗ ಇದ್ಲು, ಅದs ಸಾಕ್ರಿ. ಅವತ್ತ ನಾ ಉಡಿ ತುಂಬಿದ್ದು ಛಲೋ ಆತು, ಇಲ್ಲಂದ್ರ ಇಷ್ಟಾದ್ರೂ ಸಮಾಧಾನ ಇರ್ತಿದ್ದಿಲ್ಲ."

ಹೀಗೆಂದ ಮೇಲೆ ಸುವರ್ಣಾ ಯಾವ ಬಾಯಿಂದ ಹೇಳಬೇಕು? ಹೊರಡಲು ಎದ್ದಳು. ಕೋಮಲ ಒಳಗೆ ಹೋಗಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಂದಳು. ಅಕ್ಕಿಯ ಮೇಲೆ ಮತ್ತೊಂದು ತೆಂಗಿನಕಾಯಿ.

"ಒಡ್ರಿ ಅಕ್ಕಾರ ಸೆರಗ," ಎಂದಳು. "ಬರಿ ಉಡೀಲೆ ಹ್ಯಾಂಗ ಕಳಸ್ಲಿ?"

ಸುವರ್ಣಾ ಸೆರಗು ಒಡ್ಡಿದಳು.

ಸಂಜೆ ಬಸ್ ಸ್ಟ್ಯಾಂಡಿಗೆ ನಾನೇ ಹೋಗಿದ್ದೆ, ಮನಸ್ಸು ತಡೆಯದೆ. ಬಸ್ಸು ತುಂಬಿ ಬಂದಿತ್ತು, ಇವಳಿಗೆ ಕೂಡಲು ಜಾಗ ಸಿಕ್ಕಿರಲಿಲ್ಲ. ಜೊತೆಗೆ ಇಳಿದ ಹೆಂಗಸೊಬ್ಬಳು, "ಇಕಿ ನಿಮ್ಮಾಕೇನ್ರಿ? ದಾರಿಪೂರ್ತಿ ಕಂಬಿ ಹಿಡೀವಲ್ಲಳು, ಎರಡ ಸಲ ನನ್ನ ಮ್ಯಾಲೇ ಬಿದ್ಲು," ಎಂದು ನನ್ನನ್ನು ಬೈದಳು. ಸುವರ್ಣಾ ಮೆಟ್ಟಿಲಿಳಿದು ಬಂದಳು. ಎರಡೂ ಕೈಯಿಂದ ಉಡಿಯೊಳಗಿನ ಆ ಕಾಯಿಯನ್ನು ಒಂದಿಷ್ಟೂ ಅಲುಗದಂತೆ ಹಿಡಿದುಕೊಂಡಿದ್ದಳು.